‘ಕಮ್ಯುನಿಕೇಶನ್ ಎರರ್’ ಬಂದರೆ ಪಿಎಲ್‌ಸಿಯ ಬ್ಯಾಟರಿ ತೆಗೆದು ಹಾಕಿದರೆ ಸಾಕೇ? ನಿಜಾಂಶ ಇಲ್ಲಿದೆ

ರಾತ್ರಿ ಪಾಳಿ. ಮಷಿನ್ ನಿಂತಿದೆ, ಪರದೆಯ ಮೇಲೆ ‘ಕಮ್ಯುನಿಕೇಶನ್ ಎರರ್’ ಎಂದು ಬರುತ್ತಿದೆ. ಸೂಪರ್‌ವೈಸರ್‌ದು ಫೋನ್ ಮೇಲೆ ಫೋನ್. ಅಷ್ಟರಲ್ಲಿ ಮೆಂಟೆನೆನ್ಸ್‌ನವರ ವಾಟ್ಸಾಪ್ ಗ್ರೂಪಿಗೆ ಒಂದು ಸಲಹೆ ಬರುತ್ತದೆ: “ಪವರ್ ಆಫ್ ಮಾಡಿ, ಪಿಎಲ್‌ಸಿ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ರಿಫ್ರೆಶ್ ಆಗುತ್ತೆ. ಎಲ್ಲರಿಗೂ ಶೇರ್ ಮಾಡಿ.”

ದಯವಿಟ್ಟು ಶೇರ್ ಮಾಡಬೇಡಿ. ಸಡಿಲವಾದ ಒಂದು ಕೇಬಲ್ ಬಿಗಿ ಮಾಡಿದ್ದರೆ ಐದು ನಿಮಿಷಕ್ಕೆ ಮುಗಿಯುತ್ತಿದ್ದ ಕೆಲಸ, ಈ ಸಲಹೆಯಿಂದ ಪ್ರೋಗ್ರಾಮೇ ಇಲ್ಲದ ಮಷಿನ್ ಆಗಿ ದಿನಗಟ್ಟಲೆ ನಿಲ್ಲಬಹುದು. ಯಾಕೆ ಹಾಗೆ, ಹಾಗಾದರೆ ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಪಿಎಲ್‌ಸಿ ಎಂದರೇನು?

ಪಿಎಲ್‌ಸಿ ಎಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್. ಹಾಲಿನ ಪ್ಯಾಕೆಟ್ ತುಂಬುವ ಯಂತ್ರ, ನೀರು ಶುದ್ಧೀಕರಣ ಘಟಕದ ಪಂಪು, ಸಕ್ಕರೆ ಕಾರ್ಖಾನೆಯ ಕನ್ವೇಯರ್, ಪೀಣ್ಯದ ವರ್ಕ್‌ಶಾಪಿನ ಪ್ರೆಸ್ಸು, ಹೀಗೆ ಎಲ್ಲೆಡೆ ‘ಈ ಸೆನ್ಸರ್ ಬಂದರೆ ಆ ಮೋಟಾರು ಚಾಲೂ ಮಾಡು’ ಎಂದು ನಿರ್ಧರಿಸುವ ಪುಟ್ಟ ಗಟ್ಟಿಮುಟ್ಟಾದ ಕಂಪ್ಯೂಟರ್ ಇದು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1968ರಲ್ಲಿ ರಿಲೇಗಳ ಜಾಗಕ್ಕೆ ಹೊಸದೊಂದು ಸಾಧನ ಬೇಕೆಂದು ಕೇಳಿತು. ಡಿಕ್ ಮಾರ್ಲಿ ಮತ್ತು ಅವರ ತಂಡ ರೂಪಿಸಿದ ‘ಮಾಡಿಕಾನ್ 084’ ಈ ಸಾಧನಗಳ ಪೈಕಿ ಮೊದಲನೆಯದು ಎಂದು ಹೆಸರಾಗಿದೆ.

ಇವತ್ತಿನ ಪಿಎಲ್‌ಸಿ ಒಂಟಿಯಾಗಿ ಕೆಲಸ ಮಾಡುವುದು ಕಡಿಮೆ. ಪರದೆ (ಎಚ್‌ಎಂಐ), ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ (ವಿಎಫ್‌ಡಿ), ಮೀಟರು, ಕಂಪ್ಯೂಟರ್ ಎಲ್ಲದರ ಜೊತೆ ಅದು ಮಾತಾಡುತ್ತಿರಬೇಕು. ಆ ಮಾತು ನಿಂತಾಗಲೇ ‘ಕಮ್ಯುನಿಕೇಶನ್ ಎರರ್’ ಬರುವುದು.

ನಂಬಿಕೆ 1: ಕಮ್ಯುನಿಕೇಶನ್ ಎರರ್ ಬಂತೆಂದರೆ ಪಿಎಲ್‌ಸಿ ಹೋಯಿತು

ನಿಜಾಂಶ: ಹಾಗೇನಿಲ್ಲ. ಫೋನಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಫೋನ್ ಕೆಟ್ಟಿದೆ ಎನ್ನುತ್ತೇವೆಯೇ? ಇದೂ ಅಷ್ಟೇ. ಪರದೆಗೆ ಬರುವ ಕೇಬಲ್ ಕಿತ್ತುಹೋದರೂ ಪಿಎಲ್‌ಸಿ ಒಳಗೆ ತನ್ನ ಪ್ರೋಗ್ರಾಂ ಓಡಿಸುತ್ತಲೇ ಇರಬಹುದು.

ಆದ್ದರಿಂದ ಮೊದಲು ಪ್ಯಾನಲ್ ತೆರೆದು ಪಿಎಲ್‌ಸಿಯ ದೀಪ ನೋಡಿ. ‘ರನ್’ ದೀಪ ಹಸಿರಾಗಿ ಉರಿಯುತ್ತಿದ್ದು, ಎರರ್ ದೀಪ ಇಲ್ಲದಿದ್ದರೆ ಪಿಎಲ್‌ಸಿ ತನ್ನ ಕೆಲಸದಲ್ಲಿದೆ, ತೊಂದರೆ ದಾರಿಯಲ್ಲೋ ಆಚೆ ಬದಿಯಲ್ಲೋ ಇದೆ. ಯಾವ ದೀಪವೂ ಇಲ್ಲದಿದ್ದರೆ 24 ವೋಲ್ಟ್ ಸಪ್ಲೈ ನೋಡಿ. ಎರರ್ ದೀಪ ಕೆಂಪಾಗಿ ಮಿಣುಕುತ್ತಿದ್ದರೆ, ಏನನ್ನೂ ಮುಟ್ಟುವ ಮುನ್ನ ಫೋನಿನಲ್ಲಿ ಒಂದು ವಿಡಿಯೋ ತೆಗೆದಿಟ್ಟುಕೊಳ್ಳಿ. ಮಿಣುಕುವ ರೀತಿಯಲ್ಲೇ ದೋಷದ ಸುಳಿವು ಇರುತ್ತದೆ.

ನಂಬಿಕೆ 2: ಬ್ಯಾಟರಿ ತೆಗೆದು ಹಾಕಿದರೆ ‘ರಿಫ್ರೆಶ್’ ಆಗುತ್ತದೆ

ನಿಜಾಂಶ: ಇದು ಅಪಾಯದ ಸಲಹೆ. ಮಿತ್ಸುಬಿಷಿ ಎಫ್‌ಎಕ್ಸ್2ಎನ್, ಆಲನ್-ಬ್ರಾಡ್ಲಿ ಎಸ್‌ಎಲ್‌ಸಿ 500ರಂತಹ ಹಳೆಯ ಮಾದರಿಗಳಲ್ಲಿ ಪ್ರೋಗ್ರಾಂ ಇರುವುದು ರ‍್ಯಾಮ್‌ನಲ್ಲಿ. ಕರೆಂಟ್ ಇಲ್ಲದಾಗ ಅದನ್ನು ಕಾಯುವುದು ಆ ಪುಟ್ಟ ಬ್ಯಾಟರಿಯೇ. ಪವರ್ ಆಫ್ ಮಾಡಿ ಬ್ಯಾಟರಿಯನ್ನೂ ತೆಗೆದು ಸಾಕಷ್ಟು ಹೊತ್ತು ಬಿಟ್ಟರೆ, ಬೇರೆ ಮೆಮೊರಿ ಕಾರ್ಡಿನಲ್ಲಿ ಪ್ರತಿ ಇಲ್ಲದಿದ್ದರೆ, ಪ್ರೋಗ್ರಾಂ ಅಳಿಸಿಹೋಗುತ್ತದೆ. ಮಷಿನ್ ಕೊಟ್ಟವರ ಬಳಿ ಬ್ಯಾಕಪ್ ಇದ್ದರೆ ಪುಣ್ಯ, ಇಲ್ಲದಿದ್ದರೆ ಹೊಸದಾಗಿ ಬರೆಸಬೇಕು.

ಸೀಮೆನ್ಸ್ ಎಸ್7-1200ರಂತಹ ಹೊಸ ಮಾದರಿಗಳಲ್ಲಿ ಪ್ರೋಗ್ರಾಂ ಉಳಿಯಲು ಬ್ಯಾಟರಿಯೇ ಬೇಕಿಲ್ಲ. ಅಂದರೆ ಹಳೆಯದರಲ್ಲಿ ಈ ಸಲಹೆ ಹಾನಿ, ಹೊಸದರಲ್ಲಿ ಅರ್ಥವಿಲ್ಲದ್ದು.

ಬರೀ ಆಫ್-ಆನ್ ಮಾಡುವುದು ತಪ್ಪೇ? ಯಾವಾಗಲೂ ಅಲ್ಲ. ಕೆಲವೊಮ್ಮೆ ಕಮ್ಯುನಿಕೇಶನ್ ಪೋರ್ಟ್ ನಿಜವಾಗಿಯೂ ಸಿಕ್ಕಿಹಾಕಿಕೊಂಡಿರುತ್ತದೆ, ಆಫ್-ಆನ್‌ನಿಂದ ಸರಿಹೋಗುತ್ತದೆ. ಆದರೆ ಪವರ್ ತೆಗೆದಾಗ ಔಟ್‌ಪುಟ್‌ಗಳೆಲ್ಲ ಬೀಳುತ್ತವೆ. ಹಿಡಿದಿದ್ದ ಕ್ಲ್ಯಾಂಪ್ ಬಿಡಬಹುದು, ಎತ್ತಿದ್ದ ಭಾರ ಇಳಿಯಬಹುದು. ಪವರ್ ಬಂದೊಡನೆ ಪಿಎಲ್‌ಸಿ ತಾನೇ ರನ್‌ಗೆ ಹೋಗಿ ಮಷಿನ್ ಅಲುಗಾಡಬಹುದು. ಹಾಗಾಗಿ ಮಷಿನ್ ಒಳಗೆ ಯಾರ ಕೈಯೂ ಇಲ್ಲ, ಭಾರ ಆಧಾರದ ಮೇಲಿದೆ ಎಂದು ಕಣ್ಣಾರೆ ನೋಡಿದ ಮೇಲೆ ಮಾತ್ರ ಆಫ್-ಆನ್.

ಹಾಗಾದರೆ ಎಲ್ಲಿಂದ ಹುಡುಕಬೇಕು?

ಕೆಳಗಿನಿಂದ ಮೇಲಕ್ಕೆ. ಮೊದಲು ಕರೆಂಟ್, ಆಮೇಲೆ ಕೇಬಲ್, ಆಮೇಲೆ ವಿಳಾಸ, ಕೊನೆಗೆ ಸಾಫ್ಟ್‌ವೇರ್. ಲ್ಯಾಪ್‌ಟಾಪ್ ತೆರೆದು ಸೆಟ್ಟಿಂಗ್ ಬದಲಾಯಿಸುವುದರಿಂದ ಶುರು ಮಾಡಿದರೆ, ಕೇಬಲ್ ಸರಿಮಾಡಿದ ಮೇಲೂ ಮಷಿನ್ ಓಡುವುದಿಲ್ಲ. ಯಾಕೆಂದರೆ ಈಗ ಸೆಟ್ಟಿಂಗ್ ಕೂಡ ಕೆಟ್ಟಿರುತ್ತದೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: “ನಿನ್ನೆ ಓಡುತ್ತಿತ್ತಲ್ಲ, ಆಮೇಲೆ ಏನು ಬದಲಾಯಿತು?” ಹೊಸ ಮೋಟಾರ್ ಬಂತೇ, ಪ್ಯಾನಲ್ ಸ್ವಚ್ಛ ಮಾಡಿದರೇ, ಯಾರಾದರೂ ಹೊಸ ಕ್ಯಾಮೆರಾವನ್ನೋ ಪ್ರಿಂಟರನ್ನೋ ಅದೇ ಸ್ವಿಚ್‌ಗೆ ಸಿಕ್ಕಿಸಿದರೇ? ಓಡುತ್ತಿದ್ದ ಮಷಿನ್‌ನ ಐಪಿ ವಿಳಾಸ ತಾನಾಗಿ ಬದಲಾಗುವುದು ಅಪರೂಪ, ಸ್ಕ್ರೂ ಸಡಿಲವಾಗುವುದು ಅಪರೂಪವಲ್ಲ.

ಈಥರ್‌ನೆಟ್ ಆಗಿದ್ದರೆ

1. ಕೇಬಲ್ ಸಿಕ್ಕಿಸಿದ ಜಾಗದ ಲಿಂಕ್ ದೀಪ ನೋಡಿ. ದೀಪ ಇಲ್ಲದಿದ್ದರೆ ಕೇಬಲ್, ಪೋರ್ಟ್ ಅಥವಾ ಆಚೆ ಬದಿಯ ಸಾಧನಕ್ಕೆ ಪವರ್ ಇಲ್ಲ ಎಂದರ್ಥ. ಸರಿಯಿದೆ ಎಂದು ಗೊತ್ತಿರುವ ಇನ್ನೊಂದು ಕೇಬಲ್ ಹಾಕಿ ನೋಡಿ. ತಾಮ್ರದ ಈಥರ್‌ನೆಟ್ ಕೇಬಲ್‌ಗೆ 100 ಮೀಟರ್ ಮಿತಿ ಎಂಬುದು ನೆನಪಿರಲಿ.

2. ದೀಪ ಇದ್ದರೆ ಲ್ಯಾಪ್‌ಟಾಪ್ ಸಿಕ್ಕಿಸಿ ವಿಳಾಸ ನೋಡಿ. ಪಿಎಲ್‌ಸಿ 192.168.0.1, ಸಬ್‌ನೆಟ್ ಮಾಸ್ಕ್ 255.255.255.0 ಆಗಿದ್ದರೆ, ಲ್ಯಾಪ್‌ಟಾಪ್‌ಗೆ 192.168.0.50ರಂತಹ, ಬೇರೆ ಯಾರೂ ಬಳಸದ ವಿಳಾಸ ಕೊಡಿ. ಮೊದಲ ಮೂರು ಅಂಕಿ ಒಂದೇ ಇರಬೇಕು, ಕೊನೆಯದು ಬೇರೆ ಇರಬೇಕು. ಲ್ಯಾಪ್‌ಟಾಪ್ 169.254 ಎಂದು ಶುರುವಾಗುವ ವಿಳಾಸ ತೋರಿಸಿದರೆ, ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ.

3. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ. ಆಫೀಸಿನ ವೈಫೈ ಕೂಡ ಅದೇ 192.168.0 ಸಾಲಿನಲ್ಲಿದ್ದರೆ ಲ್ಯಾಪ್‌ಟಾಪ್ ಪಿಎಲ್‌ಸಿಯನ್ನು ತಪ್ಪು ದಾರಿಯಲ್ಲಿ ಹುಡುಕುತ್ತದೆ.

4. ಪಿಂಗ್ ಮಾಡಿ. ಉತ್ತರ ಬಂದರೆ ದಾರಿ ತೆರೆದಿದೆ. ಆದರೂ ಸಾಫ್ಟ್‌ವೇರ್ ಆನ್‌ಲೈನ್ ಹೋಗದಿದ್ದರೆ ಲ್ಯಾಪ್‌ಟಾಪ್‌ನ ಫೈರ್‌ವಾಲ್, ಸಾಫ್ಟ್‌ವೇರಿನಲ್ಲಿ ಆರಿಸಿದ ನೆಟ್‌ವರ್ಕ್ ಕಾರ್ಡ್ ಮತ್ತು ಪಿಎಲ್‌ಸಿ ಮಾದರಿ ನೋಡಿ. ಮಧ್ಯದಲ್ಲಿ ಫೈರ್‌ವಾಲ್ ಇದ್ದರೆ ಮಾಡ್‌ಬಸ್ ಟಿಸಿಪಿಗೆ 502, ಸೀಮೆನ್ಸ್ ಎಸ್7ಗೆ 102ನೇ ಪೋರ್ಟ್ ತೆರೆದಿರಬೇಕು.

5. ಒಂದು ಉಪಾಯ: ಮಷಿನ್ ನಿಲ್ಲಿಸಿದ್ದಾಗ ಪಿಎಲ್‌ಸಿಯ ಕೇಬಲ್ ಕಿತ್ತು ಮತ್ತೆ ಪಿಂಗ್ ಮಾಡಿ. ಈಗಲೂ ಉತ್ತರ ಬರುತ್ತಿದ್ದರೆ ಅದೇ ವಿಳಾಸದ ಇನ್ನೊಂದು ಸಾಧನ ನೆಟ್‌ವರ್ಕ್‌ನಲ್ಲಿದೆ. ಎರಡು ಮನೆಗೆ ಒಂದೇ ನಂಬರ್ ಇದ್ದರೆ ಅಂಚೆಯವರು ಏನು ಮಾಡಿಯಾರು?

ಎರಡು ವೈರಿನ ಆರ್‌ಎಸ್-485 ಆಗಿದ್ದರೆ

ಡ್ರೈವ್, ಎನರ್ಜಿ ಮೀಟರ್, ಟೆಂಪರೇಚರ್ ಕಂಟ್ರೋಲರ್‌ಗಳು ಇಂದಿಗೂ ಹೆಚ್ಚಾಗಿ ಈ ವೈರಿನಲ್ಲೇ ಮಾತಾಡುತ್ತವೆ. ಅವುಗಳ ಭಾಷೆ ಸಾಮಾನ್ಯವಾಗಿ ಮಾಡ್‌ಬಸ್. 1979ರಲ್ಲಿ ಬಂದ ಭಾಷೆಯಾದರೂ ಈಗಲೂ ಗಟ್ಟಿಯಾಗಿದೆ.

ಮೊದಲು ಎ, ಬಿ ವೈರ್ ಅದಲುಬದಲಾಗಿದೆಯೇ ನೋಡಿ. ಎಲ್ಲ ಕಂಪನಿಗಳೂ ಎ, ಬಿ ಎಂಬುದನ್ನು ಒಂದೇ ಅರ್ಥದಲ್ಲಿ ಬಳಸುವುದಿಲ್ಲ, ಒಬ್ಬರ ಎ ಇನ್ನೊಬ್ಬರ ಬಿ ಆಗಿರಬಹುದು. ಹೊಸ ಸಾಧನ ಜೋಡಿಸಿದಾಗ ಮಾತು ಬರದಿದ್ದರೆ ಎರಡು ವೈರ್ ತಿರುಗಿಸಿ ನೋಡುವುದು ತಪ್ಪಲ್ಲ.

ಆಮೇಲೆ ಬಾಡ್ ರೇಟ್, ಪ್ಯಾರಿಟಿ, ಸ್ಟಾಪ್ ಬಿಟ್ ಎಲ್ಲ ಸಾಧನಗಳಲ್ಲೂ ಒಂದೇ ಇವೆಯೇ ನೋಡಿ. ಸ್ಲೇವ್ ವಿಳಾಸ ಮಾತ್ರ ಪ್ರತಿಯೊಂದಕ್ಕೂ ಬೇರೆ ಇರಬೇಕು, 1ರಿಂದ 247ರ ಒಳಗೆ.

ನಂಬಿಕೆ 3: ಪ್ರತಿ ಸಾಧನಕ್ಕೂ 120 ಓಮ್ ರೆಸಿಸ್ಟರ್ ಹಾಕಿದರೆ ಸಿಗ್ನಲ್ ಗಟ್ಟಿಯಾಗುತ್ತದೆ

ನಿಜಾಂಶ: ಉಲ್ಟಾ. ಆ ರೆಸಿಸ್ಟರ್ ಇರಬೇಕಾದದ್ದು ಸಾಲಿನ ಎರಡು ತುದಿಗಳಲ್ಲಿ ಮಾತ್ರ. ತುದಿಗೆ ಹೋದ ಸಿಗ್ನಲ್ ಪ್ರತಿಧ್ವನಿಯ ಹಾಗೆ ವಾಪಸ್ ಬಂದು ಗೊಂದಲ ಮಾಡದಿರಲಿ ಎಂದು ಅದನ್ನು ಹಾಕುವುದು. ನಡುವೆ ಎಲ್ಲೆಡೆ ಹಾಕಿದರೆ ಸಿಗ್ನಲ್ ಸೊರಗುತ್ತದೆ.

ಪರೀಕ್ಷೆ ಸುಲಭ. ಎಲ್ಲ ಸಾಧನಗಳ ಪವರ್ ಆಫ್ ಮಾಡಿ ಎ ಮತ್ತು ಬಿ ನಡುವೆ ಮಲ್ಟಿಮೀಟರ್ ಇಡಿ. ಸುಮಾರು 60 ಓಮ್ ಬಂದರೆ ಎರಡೂ ತುದಿ ಸರಿ. ಸುಮಾರು 120 ಬಂದರೆ ಒಂದು ರೆಸಿಸ್ಟರ್ ಇಲ್ಲ ಅಥವಾ ವೈರ್ ಎಲ್ಲೋ ತುಂಡಾಗಿದೆ. ಸುಮಾರು 40 ಬಂದರೆ ಮೂರನೆಯದು ಎಲ್ಲೋ ಇದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಪ್ರೊಫಿಬಸ್ ಆಗಿದ್ದರೆ ರೆಸಿಸ್ಟರ್ ಬೆಲೆ ಬೇರೆ. ಅಲ್ಲಿ ಕನೆಕ್ಟರಿನ ಸ್ವಿಚ್ ಎರಡು ತುದಿಯಲ್ಲಿ ಆನ್, ನಡುವಿನವೆಲ್ಲ ಆಫ್ ಇರಬೇಕು.

ಎರರ್ ಓದಲು ಕಲಿಯಿರಿ

‘ಟೈಮ್‌ಔಟ್’ ಮತ್ತು ‘ಇಲ್ಲೀಗಲ್ ಡೇಟಾ ಅಡ್ರೆಸ್’ ಎರಡೂ ಎರರ್‌ಗಳೇ, ಆದರೆ ಅರ್ಥ ಪೂರ್ತಿ ಬೇರೆ. ಟೈಮ್‌ಔಟ್ ಎಂದರೆ ಆಚೆಯಿಂದ ಸರಿಯಾದ ಉತ್ತರವೇ ಬರಲಿಲ್ಲ. ವೈರ್, ಪವರ್, ಸ್ಪೀಡ್, ಸ್ಲೇವ್ ವಿಳಾಸ ನೋಡಿ. ‘ಇಲ್ಲೀಗಲ್ ಡೇಟಾ ಅಡ್ರೆಸ್’ ಎಂದರೆ ಸಾಧನ ಉತ್ತರ ಕೊಟ್ಟಿದೆ, ನೀವು ಕೇಳಿದ ರಿಜಿಸ್ಟರ್ ನನ್ನಲ್ಲಿಲ್ಲ ಎನ್ನುತ್ತಿದೆ. ಅಂದರೆ ವೈರಿಂಗ್ ಸರಿಯಿದೆ, ಕೇಬಲ್ ಕೀಳಬೇಡಿ. ಮ್ಯಾನ್ಯುಯಲ್‌ನಲ್ಲಿ 40001 ಎಂದು ಬರೆದಿರುವ ರಿಜಿಸ್ಟರನ್ನು ಕೆಲವು ಸಾಫ್ಟ್‌ವೇರ್‌ಗಳಲ್ಲಿ 0 ಎಂದು ಹಾಕಬೇಕು. ಹೀಗೆ ಒಂದು ಅಂಕಿ ಹೆಚ್ಚುಕಡಿಮೆಯಾಗುವುದು ಸಾಮಾನ್ಯ.

ಬಂದು ಬಂದು ಹೋಗುವ ತೊಂದರೆ

ಪೂರ್ತಿ ನಿಂತ ಕಮ್ಯುನಿಕೇಶನ್‌ಗಿಂತ ಆಗಾಗ ಕೈಕೊಡುವುದೇ ಹೆಚ್ಚು ತಲೆನೋವು. ಅದು ಕೈಕೊಡುವ ಹೊತ್ತು ಬರೆದಿಡಿ. ದೊಡ್ಡ ಮೋಟಾರ್ ಚಾಲೂ ಆದಾಗಲೇ ಆಗುತ್ತಿದ್ದರೆ ಅನುಮಾನ ಎರಡರ ಮೇಲೆ. ಒಂದು, ಡ್ರೈವ್‌ನ ವಿದ್ಯುತ್ ಗದ್ದಲ ಸಿಗ್ನಲ್ ವೈರಿಗೆ ಸೇರುತ್ತಿದೆ. ಪವರ್ ಕೇಬಲ್, ಸಿಗ್ನಲ್ ಕೇಬಲ್ ಬೇರೆ ಬೇರೆ ಟ್ರೇಯಲ್ಲಿ ಹೋಗಲಿ, ಅಡ್ಡ ಬರಲೇಬೇಕಾದಲ್ಲಿ ಲಂಬ ಕೋನದಲ್ಲಿ ದಾಟಲಿ, ಶೀಲ್ಡ್ ಅನ್ನು ಮ್ಯಾನ್ಯುಯಲ್ ಹೇಳಿದಂತೆ ಅರ್ಥಿಂಗ್ ಮಾಡಿ. ಎರಡು, 24 ವೋಲ್ಟ್ ಸಪ್ಲೈ ಆ ಕ್ಷಣಕ್ಕೆ ಕುಸಿದು ಪರದೆ ಅಥವಾ ಸ್ವಿಚ್ ಮರುಚಾಲನೆಯಾಗುತ್ತಿದೆ.

ನಂಬಿಕೆ 4: ಕಮ್ಯುನಿಕೇಶನ್ ಹೋದರೆ ಮಷಿನ್ ತಾನಾಗಿ ನಿಲ್ಲುತ್ತದೆ

ನಿಜಾಂಶ: ನಿಲ್ಲಬಹುದು, ನಿಲ್ಲದಿರಲೂಬಹುದು. ಸಂಪರ್ಕ ತಪ್ಪಿದಾಗ ಏನು ಮಾಡಬೇಕೆಂಬುದು ಡ್ರೈವ್‌ನೊಳಗಿನ ಒಂದು ಸೆಟ್ಟಿಂಗ್. ಕೆಲವು ನಿಲ್ಲುತ್ತವೆ, ಕೆಲವು ಕೊನೆಯ ವೇಗದಲ್ಲೇ ಓಡುತ್ತಿರುತ್ತವೆ. ಪರದೆಯ ಮೇಲಿನ ‘ಸ್ಟಾಪ್’ ಬಟನ್ ಕೂಡ ಅದೇ ಕೇಬಲ್ ಮೂಲಕ ಹೋಗುವುದು ಎಂಬುದನ್ನು ಮರೆಯಬೇಡಿ. ಅದಕ್ಕೇ ಎಮರ್ಜೆನ್ಸಿ ಸ್ಟಾಪ್ ಅನ್ನು ಮಾಮೂಲಿ ನೆಟ್‌ವರ್ಕ್ ಮೇಲೆ ಬಿಡದೆ ಪ್ರತ್ಯೇಕ ವೈರಿಂಗ್ ಅಥವಾ ಪ್ರಮಾಣಿತ ಸೇಫ್ಟಿ ವ್ಯವಸ್ಥೆಯಲ್ಲಿ ಇಡುತ್ತಾರೆ. ರಿಪೇರಿಗೆ ಕೈಹಾಕುವ ಮುನ್ನ ಮೇನ್ ಆಫ್ ಮಾಡಿ, ಬೀಗ ಹಾಕಿ, ಟ್ಯಾಗ್ ತೂಗುಹಾಕಿ. ಪವರ್ ಇಟ್ಟೇ ಪಿಂಗ್ ಮಾಡಬೇಕಾದಾಗ ಮಷಿನ್ ಬಳಿ ಯಾರೂ ಇಲ್ಲದಂತೆ ನೋಡಿಕೊಳ್ಳಿ.

ನಂಬಿಕೆ 5: ಪಿಎಲ್‌ಸಿಯನ್ನು ನೇರವಾಗಿ ಇಂಟರ್‌ನೆಟ್‌ಗೆ ಹಾಕಿದರೆ ಎಂಜಿನಿಯರ್ ಮನೆಯಿಂದಲೇ ಸರಿಮಾಡುತ್ತಾರೆ

ನಿಜಾಂಶ: ಎಂಜಿನಿಯರ್‌ಗೆ ತೆರೆದ ಬಾಗಿಲು ಬೇರೆಯವರಿಗೂ ತೆರೆದಿರುತ್ತದೆ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ ಎಂಬಲ್ಲಿ ನೀರು ಸರಬರಾಜು ಸಂಸ್ಥೆಯ ಯುನಿಟ್ರಾನಿಕ್ಸ್ ಪಿಎಲ್‌ಸಿಗೆ ದಾಳಿಕೋರರು ನುಗ್ಗಿದರು. ಸಿಬ್ಬಂದಿ ಪಂಪನ್ನು ಕೈಯಿಂದ ನಡೆಸಬೇಕಾಯಿತು. ಇಂಟರ್‌ನೆಟ್‌ಗೆ ತೆರೆದಿಟ್ಟದ್ದು ಮತ್ತು ಬದಲಾಯಿಸದೇ ಬಿಟ್ಟ ಕಂಪನಿ ಪಾಸ್‌ವರ್ಡ್ ಇಂಥ ದಾಳಿಗೆ ದಾರಿ ಮಾಡಿಕೊಡುತ್ತವೆ ಎಂದು ಅಲ್ಲಿನ ಸೈಬರ್ ಭದ್ರತಾ ಸಂಸ್ಥೆ ಎಚ್ಚರಿಸಿತು. ದೂರದಿಂದ ನೋಡಲೇಬೇಕೆಂದರೆ ವಿಪಿಎನ್ ಬಳಸಿ, ಪಾಸ್‌ವರ್ಡ್ ಬದಲಾಯಿಸಿ, ಕೆಲಸ ಮುಗಿದ ಮೇಲೆ ಸಂಪರ್ಕ ಮುಚ್ಚಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಮೊದಲು ಜನರ ಸುರಕ್ಷತೆ, ಆಮೇಲೆ ಮಷಿನ್.
• ಏನು ಬದಲಾಯಿತು ಎಂದು ಕೇಳಿ. ದೀಪಗಳ ಫೋಟೋ, ವಿಡಿಯೋ ತೆಗೆಯಿರಿ.
• ಕರೆಂಟ್, ಕೇಬಲ್, ವಿಳಾಸ, ಸಾಫ್ಟ್‌ವೇರ್: ಈ ಕ್ರಮ ತಪ್ಪಿಸಬೇಡಿ.
• ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಫಲ ಸಿಗದಿದ್ದರೆ ಮೊದಲಿನಂತೆ ಇಡಿ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಎಂದು ಗೊತ್ತಾಗುವುದಿಲ್ಲ.
• ಬ್ಯಾಕಪ್ ಇಲ್ಲದೆ ಬ್ಯಾಟರಿ, ರಿಸೆಟ್, ಡೌನ್‌ಲೋಡ್ ಯಾವುದನ್ನೂ ಮುಟ್ಟಬೇಡಿ.

ಕೊನೆಯದಾಗಿ, ಮಷಿನ್ ಚೆನ್ನಾಗಿ ಓಡುತ್ತಿರುವ ಇವತ್ತೇ ಎರಡು ಕೆಲಸ ಮಾಡಿಡಿ. ಪಿಎಲ್‌ಸಿ ಪ್ರೋಗ್ರಾಂನ ಬ್ಯಾಕಪ್ ತೆಗೆಯಿರಿ. ಎಲ್ಲ ಸಾಧನಗಳ ವಿಳಾಸ, ಬಾಡ್ ರೇಟ್ ಬರೆದು ಪ್ಯಾನಲ್ ಬಾಗಿಲ ಒಳಗೆ ಅಂಟಿಸಿ. ರಾತ್ರಿ ಪಾಳಿಯಲ್ಲಿ ಒಬ್ಬರೇ ನಿಂತವರಿಗೆ ಹತ್ತು ಫಾರ್ವರ್ಡ್‌ಗಳಿಗಿಂತ ಆ ಒಂದು ಹಾಳೆ ಹೆಚ್ಚು ನೆರವಾಗುತ್ತದೆ.