ಡಾಕ್ಟರ್ ಆಗೋಕೆ ಎಷ್ಟು ರಿಸರ್ಚ್ ಬೇಕು?

ಹೋದ ವಾರ ರಾತ್ರಿ ಹನ್ನೊಂದಕ್ಕೆ ನ್ಯೂಜೆರ್ಸಿಯಿಂದ ಚಿಕ್ಕಪ್ಪನ ಮಗಳ ಕಾಲ್ ಬಂತು. "ಅಣ್ಣಾ, ಈ ರಜೆಯಲ್ಲಿ ವೃದ್ಧಾಶ್ರಮದ ಕೆಲಸ ಬಿಟ್ಟು ಒಂದು ಲ್ಯಾಬಿಗೆ ಸೇರ್ಕೊಳ್ಳಲಾ? ಸಂಬಳ ಕೊಡಲ್ಲ. ಆದ್ರೆ ರಿಸರ್ಚ್ ಇಲ್ದಿದ್ರೆ ಮೆಡಿಕಲ್ ಸೀಟೇ ಸಿಗಲ್ಲ ಅಂತಾರೆ ಎಲ್ಲರೂ."

ನಾನು ಓದಿದ್ದು ಬಿ.ಕಾಂ. ಆದರೂ ಈ 'ಎಲ್ಲರೂ ಅಂತಾರೆ' ಎಲ್ಲಿಂದ ಶುರುವಾಯ್ತು ಅಂತ ಹುಡುಕುತ್ತಾ ಕೂತೆ.

ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಪಾಸಾದ್ರೆ ನೇರ ಎಂಬಿಬಿಎಸ್. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು 4 ವರ್ಷದ ಡಿಗ್ರಿ, ಆಮೇಲೆ 4 ವರ್ಷ ಮೆಡಿಕಲ್ ಸ್ಕೂಲ್. ಹಿಂದೆ ಹೀಗಿರಲಿಲ್ಲ. 19ನೇ ಶತಮಾನದಲ್ಲಿ ಅಲ್ಲಿನ ಎಷ್ಟೋ ಮೆಡಿಕಲ್ ಸ್ಕೂಲುಗಳಿಗೆ ಫೀಸು ಕಟ್ಟಿದರೆ ಸಾಕಿತ್ತು. 1893ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲ್ ಶುರುವಾದಾಗಲೇ 'ಡಿಗ್ರಿ ತಗೊಂಡು ಬನ್ನಿ' ಅಂತು.

1910ರಲ್ಲಿ ಬಂತು ಫ್ಲೆಕ್ಸ್ನರ್ ವರದಿ. ಏಬ್ರಹಾಂ ಫ್ಲೆಕ್ಸ್ನರ್ ಡಾಕ್ಟರ್ ಅಲ್ಲ, ಸ್ಕೂಲ್ ನಡೆಸಿದ್ದ ಮೇಷ್ಟ್ರು. ಅಮೆರಿಕ, ಕೆನಡಾದ 155 ಮೆಡಿಕಲ್ ಸ್ಕೂಲುಗಳ ಲೆಕ್ಕ ಒಪ್ಪಿಸಿದರು. ಕನಿಷ್ಠ 2 ವರ್ಷ ಕಾಲೇಜು ಓದಿರಬೇಕು; ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್ ಬಂದಿರಬೇಕು ಅಂದರು. ಗಮನಿಸಿ, ಅವರು ಕೇಳಿದ್ದು ಕಲಿಕೆ. ಸೀಟು ಕೇಳೋ ಹುಡುಗರು ಸಂಶೋಧನೆ ಮಾಡಿರಬೇಕು ಅನ್ನಲಿಲ್ಲ.

ಗುಣಮಟ್ಟ ಏರಿತು, ಬಾಗಿಲು ಕಿರಿದಾಯ್ತು. ಕಪ್ಪು ಜನಾಂಗದವರಿಗೆ ಇದ್ದ 7 ಮೆಡಿಕಲ್ ಸ್ಕೂಲುಗಳಲ್ಲಿ ಕೊನೆಗೆ ಉಳಿದದ್ದು ಎರಡೇ: ಹೊವಾರ್ಡ್ ಮತ್ತು ಮೆಹಾರಿ.

ಈಗ ಇನ್ನೊಂದು ಕಥೆ. 1921, ಟೊರೊಂಟೊ. ಚಾರ್ಲ್ಸ್ ಬೆಸ್ಟ್ ಆಗಷ್ಟೇ ಡಿಗ್ರಿ ಮುಗಿಸಿದ ಹುಡುಗ. ಫ್ರೆಡರಿಕ್ ಬ್ಯಾಂಟಿಂಗ್ ಅವರಿಗೆ ಸಹಾಯಕ ಬೇಕಿತ್ತು. ಬೆಸ್ಟ್ ಮತ್ತು ಗೆಳೆಯ ನೋಬಲ್ ನಾಣ್ಯ ಚಿಮ್ಮಿ, ಯಾರು ಮೊದಲು ಹೋಗೋದು ಅಂತ ತೀರ್ಮಾನಿಸಿದರಂತೆ. ಬೆಸ್ಟ್ ಹೋದ. ಆ ಬೇಸಿಗೆಯ ಕೆಲಸವೇ ಇನ್ಸುಲಿನ್‌ಗೆ ದಾರಿಯಾಯ್ತು. ಬೆಸ್ಟ್‌ಗೆ ವೈದ್ಯಕೀಯ ಪದವಿ ಸಿಕ್ಕಿದ್ದು ಆಮೇಲೆ, 1925ರಲ್ಲಿ.

ಲ್ಯಾಬಿನಲ್ಲಿ ಒಂದು ಬೇಸಿಗೆ ಅಂದ್ರೆ ಕಡಿಮೆಯೇನಲ್ಲ ಅಂತಾಯ್ತು. 1969ರಲ್ಲಿ ಎಂಐಟಿ ಡಿಗ್ರಿ ಹುಡುಗರನ್ನೇ ಸಂಶೋಧನೆಗೆ ಸೇರಿಸುವ ಯೋಜನೆ ತಂತು. ಇಂಥವು ಬೇರೆ ಕಾಲೇಜುಗಳಿಗೂ ಹಬ್ಬಿದವು. ಅವಕಾಶವಾಗಿ ಬಂದದ್ದು ಪೈಪೋಟಿಯಲ್ಲಿ ಬರೆಯದ ನಿಯಮವೇ ಆಗಿಬಿಟ್ಟಿತು. ಇವತ್ತಿಗೂ ಹೆಚ್ಚಿನ ಮೆಡಿಕಲ್ ಸ್ಕೂಲುಗಳ ಕಡ್ಡಾಯ ಪಟ್ಟಿಯಲ್ಲಿ ರಿಸರ್ಚ್ ಇಲ್ಲ. ಎಂಡಿ ಜೊತೆ ಪಿಎಚ್‌ಡಿ ಮಾಡೋರಿಗೆ ಮಾತ್ರ ಅದು ನಿಜಕ್ಕೂ ಬೇಕೇ ಬೇಕು.

ನನ್ನ ಬಿ.ಕಾಂ. ಬುದ್ಧಿಗೆ ಹೊಳೆದದ್ದು ಇಷ್ಟು: ಸಂಬಳ ಇಲ್ಲದ ಲ್ಯಾಬೂ ಪುಕ್ಕಟೆ ಅಲ್ಲ, ಬಿಟ್ಟ ಕೂಲಿಯೇ ಅದರ ಬೆಲೆ. ಅಪ್ಪ ಅಮ್ಮನ ದುಡ್ಡಲ್ಲಿ ರಜೆ ಕಳೆಯೋರಿಗೆ ಅದು ಸಲೀಸು, ಉಳಿದವರಿಗೆ 1910ರ ಬಾಗಿಲೇ ಮತ್ತೆ.

ಅವಳಿಗೆ ಕೇಳಿದೆ: "ನಿಂಗೆ ಉತ್ತರ ಬೇಕು ಅನ್ನಿಸೋ ಪ್ರಶ್ನೆ ಆ ಲ್ಯಾಬಲ್ಲಿ ಇದೆಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇಲ್ಲಣ್ಣ. ವೃದ್ಧಾಶ್ರಮದಲ್ಲಿದೆ. ಒಬ್ಬ ಅಜ್ಜಿ ಮಾತ್ರೆ ಯಾಕೆ ಉಗೀತಾರೆ ಅಂತ ಇನ್ನೂ ಗೊತ್ತಾಗಿಲ್ಲ."

ಅಲ್ಲೇ ಇರು ಅಂದೆ. ತಪ್ಪು ಹೇಳಿದ್ನಾ? ನೀವು ಹೇಳಿ. ಮುಂದಿನ ವಾರ ಸಿಗೋಣ.