ತೆಂಗಿನ ಸೀಮೆಯ ಮಳೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳನ್ನು ಮೊದಲು ಕಂಡ ಪರಸ್ಥಳದವರು ಇದು ಧಾರಾಳವಾಗಿ ಮಳೆ ಬೀಳುವ ನಾಡೆಂದು ಭ್ರಮಿಸುವುದು ಸಹಜ. ವಾಸ್ತವವು ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿದರೆ, ಇಲ್ಲಿ ಅದರ ಹತ್ತರಲ್ಲೊಂದು ಪಾಲು ಬಿದ್ದರೂ ಸುಭಿಕ್ಷವೆನ್ನಬೇಕು.

ಬೇಸಗೆಯಲ್ಲಿ ನೆಲವು ಕಡಲಿಗಿಂತ ಹೆಚ್ಚಾಗಿ ಕಾಯುವುದರಿಂದ, ಅರಬ್ಬೀ ಸಮುದ್ರದ ತೇವವನ್ನು ಹೊತ್ತ ನೈಋತ್ಯ ಮಾರುತವು ಜೂನ್ ತಿಂಗಳಲ್ಲಿ ಒಳನಾಡಿಗೆ ನುಗ್ಗುವುದು. ಸಹ್ಯಾದ್ರಿಯನ್ನೇರುವಾಗ ತಣಿದು, ತನ್ನ ನೀರಿನ ಬಹುಭಾಗವನ್ನು ಅಲ್ಲಿಯೇ ಇಳಿಸಿ, ಈ ಬಯಲನ್ನು ಸೇರುವ ವೇಳೆಗೆ ಅದು ಹೆಚ್ಚುಕಡಿಮೆ ಬರಿಯ ಗಾಳಿಯಾಗಿರುವುದು. ಆದುದರಿಂದ ಈ ಸೀಮೆಯ ಕೆರೆಗಳಿಗೆ ಮುಖ್ಯವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಮಾರುತವು ಹಿಂದಿರುಗುವ ಕಾಲದ ಉತ್ತರೆ, ಹಸ್ತ, ಚಿತ್ತೆ, ಸ್ವಾತಿಗಳದು. ಈ ನಾಲ್ಕು ತಪ್ಪಿದರೆ ವರ್ಷವೇ ತಪ್ಪಿದಂತೆ.

ಹಾಗೆ ತಪ್ಪಿದ ವರ್ಷಗಳಲ್ಲಿ 1876 ಅತ್ಯಂತ ಘೋರವಾದುದು. ಹಿಂದಿನ ವರ್ಷವೇ ಮಳೆ ಸಾಲದೆ ಹೋಗಿದ್ದಿತು. ಧಾತು, ಈಶ್ವರ ಸಂವತ್ಸರಗಳ ಆ ಕ್ಷಾಮದ ದೆಸೆಯಿಂದ, 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಖಾನೇಷುಮಾರಿಯ ಹೊತ್ತಿಗೆ 42 ಲಕ್ಷಕ್ಕಿಳಿಯಿತು. ಭಾರತದ ಹವಾಮಾನ ಇಲಾಖೆಯು ಸ್ಥಾಪಿತವಾದದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಬ್ಲಾನ್‌ಫರ್ಡ್ ಮಳೆಯ ಸುಳಿವನ್ನು ಹಿಮಾಲಯದ ಹಿಮದಲ್ಲಿ ಅರಸಿದನು. 1904ರಲ್ಲಿ ಆ ಪದವಿಗೆ ಬಂದ ಗಿಲ್ಬರ್ಟ್ ವಾಕರ್, ಶಾಂತಸಾಗರದ ಮೇಲಣ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲಣದು ಇಳಿಯುವ ತೂಗಾಟವನ್ನು ಕಂಡುಹಿಡಿದನು. ಕ್ಷಾಮದ ಆ ಕಾಲದಲ್ಲಿ ಶಾಂತಸಾಗರವು ಅಸಾಧಾರಣವಾಗಿ ಕಾದಿದ್ದಿತೆಂಬುದು, ಅಂದರೆ ಎಲ್ ನೀನ್ಯೋ ಬಲವಾಗಿದ್ದಿತೆಂಬುದು, ಈಗ ಸುವಿದಿತ.

ತೆಂಗು ಮಳೆಯನ್ನು ಬಹುಕಾಲ ನೆನಪಿಡುವ ಮರ. ಹೊಂಬಾಳೆಯು ಸುಳಿಯೊಳಗೆ ಮೂಡಿ ಅರಳುವುದಕ್ಕೆ ಸುಮಾರು ಮೂರು ವರ್ಷ, ಕಾಯಿ ಬಲಿಯುವುದಕ್ಕೆ ಮತ್ತೊಂದು ವರ್ಷ ಹಿಡಿಯುವುದು. ಅಟ್ಟದ ಮೇಲೆ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಮತ್ತೆ ಹತ್ತು ಹನ್ನೆರಡು ತಿಂಗಳು ಬೇಕು. ತಿಪಟೂರಿನ ಪೇಟೆಯಲ್ಲಿ ಇಂದು ತೂಗುವ ಕೊಬ್ಬರಿಯಲ್ಲಿ ಐದು ವರ್ಷಗಳ ಹಿಂದಿನ ಹಿಂಗಾರಿನ ಲೆಕ್ಕವಿರುವುದು. ಹಿರಿಯರು ತೋಟಗಳನ್ನು ಕೆರೆಯ ಕೆಳಗೆ ಹಾಕಿದರು. ಅವರು ವಾಯುಭಾರಮಾಪಕವನ್ನು ಕಂಡವರಲ್ಲ. ಕೊಳವೆಬಾವಿ ಬಂದ ಮೇಲೆ ತೋಟವು ರಾಗಿಯ ಹೊಲಗಳಿಗೂ ಏರಿತು. 2016ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಡಲು, ಬಾವಿಗಳು ಬತ್ತಿ, ಹಾಗೆ ಏರಿದ ಮರಗಳ ಗರಿಗಳು ಜೋತುಬಿದ್ದವು. 1979ರಲ್ಲಿ ಗೊರೂರಿನ ಬಳಿ ಪೂರ್ಣಗೊಂಡ ಅಣೆಕಟ್ಟೆಯಿಂದ ಬರುವ ಹೇಮಾವತಿಯ ನಾಲೆಯು, ಸಹ್ಯಾದ್ರಿಯು ತಡೆದುಕೊಂಡ ಮುಂಗಾರಿನ ಒಂದಿಷ್ಟು ಪಾಲನ್ನು ಕೆಲವು ಕೆರೆಗಳಿಗೆ ತಂದು ಮುಟ್ಟಿಸುವುದು.

ಗಾಳಿಯು ಒಂದು ಡಿಗ್ರಿ ಕಾದರೆ ಶೇಕಡ 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲುದು. ಲೋಕವು ಬಿಸಿಯೇರಿದಂತೆ, ಹದವಾಗಿ ನೆನೆಸುವ ದಿನಗಳು ಕಡಿಮೆಯಾಗಿ, ಒಮ್ಮೆಗೇ ಸುರಿಯುವ ಮಳೆಯೂ ನಡುವಣ ಒಣದಿನಗಳೂ ಹೆಚ್ಚುವುವು. 2022ರಲ್ಲಿ ತುಮಕೂರು ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಆ ಬರದ ವರ್ಷ ಸುಳಿಯಲ್ಲಿ ಮೂಡಿದ ಹೊಂಬಾಳೆಯು ಅರಳುವ ವರ್ಷ 2026. ಅದರ ಕಾಯಿ ಕೊಬ್ಬರಿಯಾಗಿ ಅಟ್ಟದಿಂದ ಇಳಿಯುವುದು 2028ರ ಸುಮಾರಿಗೆ.