ಬೂದಿಯ ಕೆಳಗಿನ ಮಣ್ಣು: ಒಂದು ಕೆಂಪು ವೈನ್‌ನ ಇತಿಹಾಸ

1/5
ಮೊದಲ ಫೋಟೋ ಝೂಮ್ ಮಾಡಿ ನೋಡಿ. ಕಪ್ಪು ನೆಲ, ಅದರ ತುಂಬ ಬೋಗುಣಿಯಂಥ ಗುಂಡಿಗಳು, ಒಂದೊಂದು ಗುಂಡಿಯಲ್ಲೂ ಒಂದೊಂದು ಹಸಿರು ಬಳ್ಳಿ. ಚಂದ್ರನ ಮೇಲೆ ಯಾರೋ ತೋಟ ಮಾಡಿದ ಹಾಗಿದೆ ಅಲ್ವಾ? ಇದು ಲಾನ್ಸರೋಟೆ, ಆಫ್ರಿಕಾದ ಪಶ್ಚಿಮ ಕರಾವಳಿಯ ಆಚೆ ಇರುವ ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಒಂದು. ಇಲ್ಲಿ ಬಿಳಿ ವೈನೇ ಜಾಸ್ತಿ. ಆದ್ರೆ ಲಿಸ್ತಾನ್ ನೆಗ್ರೊ ಅನ್ನೋ ಕಪ್ಪು ದ್ರಾಕ್ಷಿಯಿಂದ ಕೆಂಪು ವೈನನ್ನೂ ಮಾಡ್ತಾರೆ. ಕೆಲವು ಬಾಟಲಿಗಳನ್ನ ‘ನ್ಯಾಚುರಲ್ ವೈನ್’ ಅಂತ ಮಾರ್ತಾರೆ. ಆ ಪದದ ಹಿಂದಿನ ಕಥೆ ಇವತ್ತಿನದು.

2/5
1730ರ ಸೆಪ್ಟೆಂಬರ್ 1. ರಾತ್ರಿ 9ರಿಂದ 10 ಗಂಟೆಯ ನಡುವೆ ತಿಮಾನ್‌ಫಾಯಾ ಹತ್ತಿರ ಭೂಮಿ ಬಾಯಿಬಿಟ್ಟಿತು. ಇದು ನಮಗೆ ಗೊತ್ತಿರೋದು ಯಾಯ್ಸಾ ಊರಿನ ಪಾದ್ರಿ ಆಂದ್ರೆಸ್ ಲೊರೆನ್ಸೊ ಕುರ್ಬೆಲೊ ಬರೆದಿಟ್ಟ ದಿನಚರಿಯಿಂದ. ಲಾವಾ ಊರೂರನ್ನೇ ನುಂಗಿತು. ವಿಷಗಾಳಿಗೆ ದನಗಳು ನಿಂತಲ್ಲೇ ಬಿದ್ದು ಸತ್ತವು. ಸತ್ತ ಮೀನು ದಡಕ್ಕೆ ತೇಲಿ ಬಂದವು. 1731ರ ಕೊನೆಗೆ ಕುರ್ಬೆಲೊ ಕೂಡ ತನ್ನ ಊರಿನವರ ಜೊತೆ ಗ್ರಾನ್ ಕನಾರಿಯಾ ದ್ವೀಪಕ್ಕೆ ಹೊರಟುಬಿಟ್ಟರು. ಬೆಂಕಿ ಆರಿದ್ದು 1736ರ ಏಪ್ರಿಲ್‌ನಲ್ಲಿ. ಹತ್ತಿರ ಹತ್ತಿರ ಆರು ವರ್ಷ! ದ್ವೀಪದ ಸುಮಾರು ಕಾಲು ಭಾಗ ಲಾವಾ, ಬೂದಿಯ ಅಡಿಗೆ ಹೋಗಿತ್ತು. ಅದಕ್ಕೂ ಮುಂಚೆ ಧಾನ್ಯ ಬೆಳೀತಿದ್ದ ಒಳ್ಳೆ ಹೊಲಗಳೂ ಅದರಲ್ಲಿದ್ದವು.

3/5
ಈಗ ನೀವೇ ಆ ರೈತ ಅಂದ್ಕೊಳ್ಳಿ. ಹೊಲ ಇದೆ, ಆದ್ರೆ ಆಳುದ್ದ ಬೂದಿಯ ಕೆಳಗಿದೆ. ವರ್ಷಕ್ಕೆ ಮಳೆ ಬರೋದು ಸುಮಾರು 150 ಮಿ.ಮೀ. ಅಷ್ಟೇ. ಏನ್ ಮಾಡ್ತೀರಿ?

ಉಳಿದವರು ಒಂದು ವಿಷಯ ಗಮನಿಸಿದರು. ಬೂದಿ ತೆಳ್ಳಗೆ ಬಿದ್ದ ಕಡೆ ಗಿಡಗಳು ಮೊದಲಿಗಿಂತ ಚೆನ್ನಾಗಿ ಬರ್ತಿದ್ದವು. ಸಣ್ಣ ಸಣ್ಣ ರಂಧ್ರಗಳಿರುವ ಈ ಕಪ್ಪು ಹರಳು ರಾತ್ರಿಯ ಇಬ್ಬನಿಯನ್ನ ಹೀರಿ ಕೆಳಗೆ ಬಿಡುತ್ತೆ. ಹಗಲು ಮುಚ್ಚಳದ ಹಾಗೆ ಕೂತು ತೇವ ಆರದಂತೆ ಕಾಯುತ್ತೆ. ಹೊಲ ಹಾಳು ಮಾಡಿದ್ದೇ ಬೆಳೆಗೆ ನೆರಳಾಯ್ತು.

4/5
ಬೂದಿ ದಪ್ಪಗಿದ್ದ ಲಾ ಹೇರಿಯಾ ಕಣಿವೆಯಲ್ಲಿ ಹಳೇ ಮಣ್ಣು ಸಿಗೋವರೆಗೂ ಅಗೆದರು, ಕೆಲವು ಕಡೆ ಮೂರು ಮೀಟರ್ ಆಳ. ತಳದಲ್ಲಿ ಬಳ್ಳಿ ನೆಟ್ಟರು. ಸಮುದ್ರದ ಗಾಳಿ ಬಡಿಯದ ಹಾಗೆ ಗುಂಡಿಯ ಅಂಚಿಗೆ ಅರ್ಧಚಂದ್ರದ ಆಕಾರದಲ್ಲಿ ಕಲ್ಲು ಜೋಡಿಸಿದರು. ಆ ಗೋಡೆಗೆ ಗಾರೆ ಇಲ್ಲ. 1775ರಲ್ಲೇ ಶುರುವಾದ ಎಲ್ ಗ್ರಿಫೊ ಅನ್ನೋ ವೈನ್ ಮನೆ ಇಂದಿಗೂ ನಡೀತಿದೆ.

ಇನ್ನೊಂದು ವಿಶೇಷ: 19ನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನೋ ಪುಟ್ಟ ಕೀಟ ಯುರೋಪಿನ ದ್ರಾಕ್ಷಿ ತೋಟಗಳ ಬೇರನ್ನೇ ತಿಂದುಹಾಕಿತು. ಅಲ್ಲಿನ ರೈತರು ಅಮೆರಿಕದ ಬೇರಿಗೆ ಕಸಿ ಕಟ್ಟಿ ತೋಟ ಉಳಿಸಿಕೊಂಡರು. ಆ ಕೀಟ ಲಾನ್ಸರೋಟೆಗೆ ಬರಲೇ ಇಲ್ಲ. ಹಾಗಾಗಿ ಇಲ್ಲಿನ ಬಳ್ಳಿಗಳು ಇನ್ನೂ ಸ್ವಂತ ಬೇರಿನ ಮೇಲೇ ನಿಂತಿವೆ.

5/5
ನ್ಯಾಚುರಲ್ ವೈನ್ ಅಂದ್ರೆ ಹೊರಗಿನ ಯೀಸ್ಟ್ ಹಾಕಲ್ಲ. ನಮ್ಮ ದೋಸೆ ಹಿಟ್ಟು ರಾತ್ರಿಯಿಡೀ ತಾನಾಗೇ ಹುಳಿ ಬರೋ ಹಾಗೆ, ರಸವೂ ತನ್ನಲ್ಲಿರೋ ಸೂಕ್ಷ್ಮಜೀವಿಗಳಿಂದಲೇ ಹುದುಗುತ್ತೆ. ಕೆಡದಂತೆ ಹಾಕೋ ಸಲ್ಫೈಟ್ ತೀರಾ ಕಮ್ಮಿ, ಇಲ್ಲಾಂದ್ರೆ ಇಲ್ಲವೇ ಇಲ್ಲ.

ಅಲ್ಲಿವರೆಗೆ ‘ನ್ಯಾಚುರಲ್’ ಸರಿ. ಆದ್ರೆ ಆ ಗುಂಡಿ? ಅದು ತಾನಾಗೇ ಆಗಿದ್ದಲ್ಲ. ಗಾಳಿ ಮತ್ತೆ ಮತ್ತೆ ಬೂದಿ ತಂದು ತುಂಬುತ್ತೆ, ಮನುಷ್ಯ ಮತ್ತೆ ಮತ್ತೆ ತೆಗೀಬೇಕು. ಗುಂಡಿಗೆ ಟ್ರ್ಯಾಕ್ಟರ್ ಇಳಿಯಲ್ಲ. ಬೇಸಿಗೆಯ ಉರಿಯಲ್ಲಿ ಕೊಯ್ಲೂ ಕೈಯಲ್ಲೇ. ಜಾಗ ಇಷ್ಟು, ಹಣ್ಣು ಅಷ್ಟೇ ಅಷ್ಟು. ಅಗೆಯೋ ಕೈ ಒಂದು ತಲೆಮಾರು ಸುಮ್ಮನಾದರೆ, 1736ರಲ್ಲಿ ಇದ್ದ ಹಾಗೆ ಬರೀ ಬೂದಿ ಉಳಿಯುತ್ತೆ.

ಅದಕ್ಕೇ ‘ನ್ಯಾಚುರಲ್’ ಅನ್ನೋ ಲೇಬಲ್ ಎಲ್ಲೇ ಕಂಡರೂ ಒಂದು ಪ್ರಶ್ನೆ ಕೇಳಿ: ಇದರ ಹಿಂದೆ ಯಾರ ಬೆನ್ನು ಬಾಗಿದೆ?

ನಿಮ್ಮ ಮನೆಯ ಹಿರಿಯರು ಒಣ ನೆಲದಲ್ಲಿ ನೀರು ಉಳಿಸೋಕೆ ಏನ್ ಉಪಾಯ ಮಾಡ್ತಿದ್ರು? ಕೇಳಿ ಬಂದು ಕಾಮೆಂಟಲ್ಲಿ ಬರೀರಿ.

#ಇತಿಹಾಸ #ಲಾನ್ಸರೋಟೆ #ಜ್ವಾಲಾಮುಖಿ #ಕನ್ನಡದಲ್ಲಿ_ಓದಿ